ಕ್ಷೇತ್ರರಕ್ಷಕನು ಎಲ್ಲಿ ನಿಲ್ಲಬೇಕು?

2025ರ ಜುಲೈ ತಿಂಗಳಲ್ಲಿ ನನ್ನ ತಂಗಿಯ ಮಗನು ಅಮೆರಿಕದಿಂದ ರಜೆಗೆಂದು ಇಂದಿರಾನಗರದ ನಮ್ಮ ಮನೆಗೆ ಬಂದಿದ್ದನು. ವಯಸ್ಸು ಹದಿಮೂರು. ಅಲ್ಲಿನ ಶಾಲೆಯಲ್ಲಿ ಬೇಸ್‌ಬಾಲ್ ಆಡುವ ಹುಡುಗ. ಸಂಜೆ ಮಳೆ ಬಿಟ್ಟ ಮೇಲೆ ನಮ್ಮ ಅಡ್ಡರಸ್ತೆಯ ಹುಡುಗರು ಟೆನಿಸ್ ಚೆಂಡಿನಲ್ಲಿ ಕ್ರಿಕೆಟ್ ಆಡುತ್ತಿದ್ದಲ್ಲಿಗೆ ಅವನೂ ಹೋದನು. ‘ಎಲ್ಲಿ ಫೀಲ್ಡಿಂಗ್ ಮಾಡ್ತೀಯ?’ ಎಂದು ಅವರು ಕೇಳಿದ್ದಕ್ಕೆ, ‘ನಾನು ಶಾರ್ಟ್‌ಸ್ಟಾಪ್’ ಎಂದನಂತೆ. ಹುಡುಗರು ಮುಖ ಮುಖ ನೋಡಿಕೊಂಡರು. ಆ ಹೆಸರಿನ ಜಾಗ ತಮ್ಮ ರಸ್ತೆಯಲ್ಲಿ ಇಲ್ಲವೆಂದು ತೀರ್ಮಾನಿಸಿ, ಹೊಸಬರನ್ನೂ ಚಿಕ್ಕವರನ್ನೂ ಕಳುಹಿಸುವ ಕಡೆಗೆ, ಎಂದರೆ ರಸ್ತೆಯ ಕೊನೆಯ ಹೊಂಗೆಮರದ ಬುಡಕ್ಕೆ, ಅವನನ್ನು ಅಟ್ಟಿದರು. ಒಂದು ಗಂಟೆಯ ಆಟದಲ್ಲಿ ಚೆಂಡು ಅವನ ಬಳಿಗೆ ಬಂದದ್ದು ಎರಡೇ ಸಲ. ಮನೆಗೆ ಬಂದವನು ಚಪ್ಪಲಿಯನ್ನು ಮೂಲೆಗೆ ಎಸೆದು, ‘ಮಾಮ, ನಮ್ಮ ಟೀಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡೋವನನ್ನ ಶಾರ್ಟ್‌ಸ್ಟಾಪ್ ಮಾಡ್ತಾರೆ. ಇವರು ನನ್ನನ್ನ ಮರ ಕಾಯೋಕೆ ನಿಲ್ಲಿಸಿದ್ರು’ ಎಂದು ದೂರಿದನು.

ಈ ದೂರಿನಲ್ಲಿ ವಿಜ್ಞಾನದ ಪ್ರಶ್ನೆಯೊಂದು ಅಡಗಿದೆ. ಕ್ಷೇತ್ರರಕ್ಷಕನು ಇಂಥ ಕಡೆಯಲ್ಲೇ ನಿಲ್ಲಬೇಕೆಂದು ಗೊತ್ತುಮಾಡುವವರು ಯಾರು? ನಾಯಕನೆ? ಸಂಪ್ರದಾಯವೆ? ನಾಯಕನು ಕೈಬೀಸಿ ಒಬ್ಬೊಬ್ಬನನ್ನು ಆಚೆಗೆ ಈಚೆಗೆ ಸರಿಸುವುದೇನೋ ನಿಜ. ಆದರೆ ಅವನ ಕೈಯನ್ನು ಆಡಿಸುವುದು ಒಂದು ಲೆಕ್ಕ: ಹೊಡೆದ ಚೆಂಡು ಒಬ್ಬನನ್ನು ತಲಪಲು ಎಷ್ಟು ಕಾಲ ಹಿಡಿಯುತ್ತದೆ, ಅಷ್ಟು ಕಾಲದಲ್ಲಿ ಮನುಷ್ಯನ ಕಣ್ಣು ಕೈ ಕಾಲುಗಳು ಏನು ಮಾಡಬಲ್ಲವು? ನಮ್ಮ ಕ್ರಿಕೆಟ್ಟಿಗೂ ಹುಡುಗನ ಬೇಸ್‌ಬಾಲಿಗೂ ಈ ಲೆಕ್ಕ ಒಂದೇ. ಮೊದಲು ನಮಗೆ ಪರಿಚಿತವಾದ ಆಟದಲ್ಲಿ ಇದನ್ನು ನೋಡಿ, ಆಮೇಲೆ ಶಾರ್ಟ್‌ಸ್ಟಾಪಿನ ಬಳಿಗೆ ಬರೋಣ.

ಇಂದಿರಾನಗರದಲ್ಲಿ ಕುಳಿತು ಈ ವಿಷಯ ಬರೆಯುವವನು ಉದಾಹರಣೆಗಾಗಿ ದೂರ ಹೋಗಬೇಕಾದುದಿಲ್ಲ. 2021ರ ಒಂದು ಜಾಹೀರಾತಿನಲ್ಲಿ ರಾಹುಲ್ ದ್ರಾವಿಡರು ವಾಹನಗಳ ಸಾಲಿನ ನಡುವೆ ಕಾರಿನಿಂದ ಮೇಲೆದ್ದು, ತಾನು ಇಂದಿರಾನಗರದ ಗೂಂಡನೆಂದು ಗರ್ಜಿಸಿದರು. ಅವರ ಸೌಮ್ಯ ಸ್ವಭಾವವನ್ನು ಬಲ್ಲ ದೇಶವೆಲ್ಲ ನಕ್ಕಿತು. ಅವರ ಬ್ಯಾಟಿಂಗನ್ನು ಕುರಿತು ಮಾತನಾಡದವರಿಲ್ಲ. ಆದರೆ ಅವರು 164 ಟೆಸ್ಟ್ ಪಂದ್ಯಗಳಲ್ಲಿ, ಬಹುಮಟ್ಟಿಗೆ ಸ್ಲಿಪ್ ಸ್ಥಾನದಲ್ಲಿ ನಿಂತು, 210 ಕ್ಯಾಚುಗಳನ್ನು ಹಿಡಿದರೆಂಬುದನ್ನು ನೆನೆಯುವವರು ಕಡಮೆ. ವಿಕೆಟ್ ಕೀಪರುಗಳನ್ನು ಬಿಟ್ಟರೆ 200 ಕ್ಯಾಚುಗಳನ್ನು ಮುಟ್ಟಿದ ಮೊದಲಿಗರು ಅವರೇ. 2012ರಲ್ಲಿ ಅವರು ನಿವೃತ್ತರಾದಾಗ ಅದು ವಿಶ್ವದಾಖಲೆಯಾಗಿತ್ತು. ನನ್ನ ಅಳಿಯನು ಹೊಂಗೆಮರವನ್ನು ಕಾಯುತ್ತಿದ್ದ ಆ ವಾರದಲ್ಲೇ, ಜುಲೈ 11ರಂದು, ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡಿನ ಜೋ ರೂಟ್ ತಮ್ಮ 211ನೆಯ ಕ್ಯಾಚನ್ನು ಎಡಕ್ಕೆ ಹಾರಿ ಒಂದೇ ಕೈಯಲ್ಲಿ ಹಿಡಿದು ಆ ದಾಖಲೆಯನ್ನು ಮುರಿದರು. ವಿಚಿತ್ರವೆಂದರೆ ಆಗ ಔಟಾದ ದಾಂಡಿಗರು ಕರುಣ್ ನಾಯರ್. ಅವರೂ ಕರ್ನಾಟಕದ ತಂಡದಲ್ಲಿ ಬೆಳೆದವರೇ.

ಸ್ಲಿಪ್ಪಿನಲ್ಲಿ ನಿಂತವನ ಕೆಲಸವೇನು? ಬ್ಯಾಟಿನ ಅಂಚನ್ನು ಸವರಿ ಹಿಂದಕ್ಕೆ ಹಾರುವ ಚೆಂಡನ್ನು ಹಿಡಿಯುವುದು. ವೇಗದ ಬೌಲರನ ಚೆಂಡು ನೆಲಕ್ಕೆ ಬಡಿದು, ಅಂಚನ್ನು ತಗುಲಿ ಹೊರಟಾಗ ಅದರ ವೇಗ ಗಂಟೆಗೆ 110 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ ಸುಮಾರು 30 ಮೀಟರ್. ಸ್ಲಿಪ್ ರಕ್ಷಕನು 16 ಮೀಟರ್ ಹಿಂದೆ ನಿಂತಿದ್ದರೆ ಚೆಂಡು ಅವನನ್ನು ಅರ್ಧ ಸೆಕೆಂಡಿನಲ್ಲಿ ತಲಪುತ್ತದೆ. ಈ ಅರ್ಧ ಸೆಕೆಂಡೂ ಪೂರ್ತಿಯಾಗಿ ಅವನದಲ್ಲ. ಕಣ್ಣಿಗೆ ಬಿದ್ದುದು ಮಿದುಳಿಗೆ ಮುಟ್ಟಿ, ಮಿದುಳಿನ ಅಪ್ಪಣೆ ಕೈಯ ಸ್ನಾಯುಗಳಿಗೆ ತಲಪುವುದಕ್ಕೆ ಕಾಲ ಬೇಕಷ್ಟೆ. ಇದಕ್ಕೆ ಪ್ರತಿಕ್ರಿಯಾಕಾಲ ಎಂದು ಹೆಸರು.

ಇದನ್ನು ವಾಚಕರು ತಾವೇ ಅಳೆಯಬಹುದು. ಗೆಳೆಯನೊಬ್ಬನು ಉದ್ದನೆಯ ಅಳತೆಪಟ್ಟಿಯನ್ನು ನೆಟ್ಟಗೆ ತೂಗಹಿಡಿದಿರಲಿ. ಅದರ ಸೊನ್ನೆಯ ಗುರುತಿನ ಬಳಿ ನಿಮ್ಮ ಹೆಬ್ಬೆರಳು ತೋರುಬೆರಳುಗಳನ್ನು ತಾಗದಂತೆ ಅಗಲಿಸಿ ಹಿಡಿಯಿರಿ. ಅವನು ಮುನ್ಸೂಚನೆಯಿಲ್ಲದೆ ಪಟ್ಟಿಯನ್ನು ಬಿಡಲಿ. ಬಿಟ್ಟುದನ್ನು ಕಂಡೊಡನೆ ನೀವು ಹಿಡಿಯಬೇಕು. ಬೆರಳು 20 ಸೆಂಟಿಮೀಟರ್ ಗುರುತಿನ ಮೇಲೆ ಬಿದ್ದರೆ ನಿಮ್ಮ ಪ್ರತಿಕ್ರಿಯಾಕಾಲ ಒಂದು ಸೆಕೆಂಡಿನ ಐದನೆಯ ಒಂದು ಭಾಗ. 15 ಸೆಂಟಿಮೀಟರಿಗೆ ಹಿಡಿದರೆ ಸುಮಾರು 0.175 ಸೆಕೆಂಡು. ಎಷ್ಟೇ ಅಭ್ಯಾಸ ಮಾಡಿದರೂ ಇದಕ್ಕಿಂತ ಬಹಳ ಕೆಳಗಿಳಿಯುವುದು ಕಷ್ಟ. ದ್ರಾವಿಡರ ನರಗಳೂ ನಮ್ಮ ನಿಮ್ಮ ನರಗಳಂಥವೇ.

ಹೀಗೆ ಅರ್ಧ ಸೆಕೆಂಡಿನಲ್ಲಿ 0.2 ಸೆಕೆಂಡನ್ನು ಕಳೆದರೆ ಕೈಯನ್ನು ಸರಿಸಲು ಉಳಿಯುವುದು 0.3 ಸೆಕೆಂಡು. ರಕ್ಷಕನು ಅತ್ಯಾಸೆಯಿಂದ 8 ಮೀಟರ್ ದೂರಕ್ಕೆ ಬಂದು ನಿಂತನೆನ್ನಿ. ಆಗ ಉಳಿಯುವುದು 0.06 ಸೆಕೆಂಡು, ಕೈ ಮೇಲೇಳುವ ಮೊದಲೇ ಚೆಂಡು ಎದೆಗೆ ಬಡಿದಿರುತ್ತದೆ. ಹಾಗಾದರೆ 25 ಮೀಟರ್ ಹಿಂದೆ ನಿಂತು ನಿಧಾನವಾಗಿ ಹಿಡಿಯಬಾರದೆ? ಅಲ್ಲಿ ಗುರುತ್ವಾಕರ್ಷಣೆ ಅಡ್ಡಬರುತ್ತದೆ. ನೆಲಕ್ಕೆ ಸಮಾನಾಂತರವಾಗಿ ಹೊರಟ ಚೆಂಡು ಅರ್ಧ ಸೆಕೆಂಡಿನಲ್ಲಿ ಸುಮಾರು ಒಂದೂಕಾಲು ಮೀಟರ್ ಕೆಳಗಿಳಿಯುತ್ತದೆ. 25 ಮೀಟರ್ ದೂರವನ್ನು ಕ್ರಮಿಸುವಷ್ಟರಲ್ಲಿ ಮೂರು ಮೀಟರಿಗೂ ಹೆಚ್ಚು. ಅಂದರೆ ಬಹುತೇಕ ಚೆಂಡುಗಳು ಅವನ ಮುಂದೆಯೇ ನೆಲಕ್ಕೆ ಬೀಳುತ್ತವೆ. ಮುಂದೆ ಬಂದರೆ ಕಣ್ಣು ಸಾಲದು, ಹಿಂದೆ ಸರಿದರೆ ಎತ್ತರ ಸಾಲದು. ಸ್ಲಿಪ್ಪಿನವನು ನಿಲ್ಲುವುದು ಇವೆರಡರ ನಡುವಣ ಕಿರಿದಾದ ಪಟ್ಟಿಯಲ್ಲಿ. ಪಿಚ್ಚು ನಿಧಾನವಾಗಿದ್ದರೆ ಆ ಪಟ್ಟಿಯೇ ಮುಂದಕ್ಕೆ ಸರಿಯುತ್ತದೆ. ಪಂದ್ಯದ ಮೊದಲ ಹತ್ತು ನಿಮಿಷ ಅವರು ಒಂದೊಂದು ಹೆಜ್ಜೆ ಮುಂದೆ ಹಿಂದೆ ಹೋಗುತ್ತಿರುವುದನ್ನು ನೀವು ಕಂಡಿರಬಹುದು. ಅದು ಈ ಪಟ್ಟಿಯನ್ನು ಹುಡುಕುವ ಪ್ರಯತ್ನ.

ಸ್ಪಿನ್ ಬೌಲರನ ವಿಷಯದಲ್ಲಿ ಲೆಕ್ಕ ಇನ್ನೂ ವಿಚಿತ್ರವಾಗುತ್ತದೆ. ಅಂಚಿನಿಂದ ಹೊರಟ ಚೆಂಡಿನ ವೇಗ ಗಂಟೆಗೆ 70 ಕಿಲೋಮೀಟರ್ ಇದ್ದು, ಸ್ಲಿಪ್ಪಿನವನು 3 ಮೀಟರ್ ದೂರದಲ್ಲಿದ್ದರೆ ಅವನಿಗೆ ದೊರೆಯುವ ಕಾಲ 0.15 ಸೆಕೆಂಡು. ಇದು ಪ್ರತಿಕ್ರಿಯಾಕಾಲಕ್ಕಿಂತಲೂ ಕಡಮೆ! ಲೆಕ್ಕದ ಪ್ರಕಾರ ಅದನ್ನು ಕಂಡು ಹಿಡಿಯಲು ಸಾಧ್ಯವೇ ಇಲ್ಲ. ಆದರೂ ಹಿಡಿಯುತ್ತಾರೆ. ದ್ರಾವಿಡರ 210ರಲ್ಲಿ 55 ಕ್ಯಾಚುಗಳು ಅನಿಲ್ ಕುಂಬ್ಳೆಯವರ ಬೌಲಿಂಗಿನಲ್ಲಿ ಬಂದವು. ಹರ್ಭಜನ್ ಸಿಂಗರ ಬೌಲಿಂಗಿನಲ್ಲಿ ಬಂದವು 50ಕ್ಕೂ ಮೇಲು. ರಹಸ್ಯವಿಷ್ಟೆ: ಇಲ್ಲಿ ಕೈಗಳು ಚೆಂಡಿನ ಬಳಿಗೆ ಹೋಗುವುದಿಲ್ಲ, ಚೆಂಡು ಬರಬಹುದಾದ ಕಡೆಯಲ್ಲಿ ಮೊದಲೇ ಇರುತ್ತವೆ. ಬೌಲರನ ಕೈಬಿಟ್ಟ ಚೆಂಡಿನ ಸಾಲು, ಅದು ನೆಲಮುಟ್ಟಿದ ಜಾಗ, ದಾಂಡಿಗನ ಮುಂಗಾಲು ಮತ್ತು ಬ್ಯಾಟಿನ ಕೋನ ಇವನ್ನೆಲ್ಲ ನೋಡುತ್ತ, ಅಂಚು ತಗುಲುವ ಮೊದಲೇ ರಕ್ಷಕನ ಮೈ ತೂಕ ಅತ್ತಲೋ ಇತ್ತಲೋ ವಾಲಿರುತ್ತದೆ. ನಾವು ಚುರುಕು ಎಂದು ಹೊಗಳುವುದು ಬಹುಪಾಲು ಊಹೆ. ದಿನವೆಲ್ಲ ನಿಂತು, ನೂರಾರು ಎಸೆತಗಳಲ್ಲಿ ಒಂದೂ ತನ್ನ ಕಡೆಗೆ ಬಾರದಿದ್ದರೂ ಪ್ರತಿಯೊಂದಕ್ಕೂ ಹೀಗೆ ಊಹಿಸಬೇಕು. ಇದೇ ಈ ಕೆಲಸದ ನಿಜವಾದ ದಣಿವು.

ಚೆಂಡು ಕೈಗೆ ಬಂದ ಮೇಲೂ ಭೌತಶಾಸ್ತ್ರ ಬಿಡುವುದಿಲ್ಲ. ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಅದರ ಚಲನಶಕ್ತಿ 72 ಜೂಲ್. ಕೈಯನ್ನು ಕಲ್ಲಿನಂತೆ ಬಿಗಿಹಿಡಿದು 3 ಸೆಂಟಿಮೀಟರಿನೊಳಗೆ ಅದನ್ನು ತಡೆದರೆ ಅಂಗೈ ಮೇಲಿನ ಸರಾಸರಿ ಬಲ 2400 ನ್ಯೂಟನ್. ಎರಡು ಮೂರು ಅಕ್ಕಿಮೂಟೆಗಳ ಭಾರಕ್ಕೆ ಸಮ. ಕೈಯನ್ನು ಚೆಂಡಿನೊಡನೆ 20 ಸೆಂಟಿಮೀಟರ್ ಹಿಂದಕ್ಕೆ ಬಿಟ್ಟುಕೊಟ್ಟರೆ ಅದು 360ಕ್ಕೆ ಇಳಿಯುತ್ತದೆ. ಬಿಗಿದ ಕೈಯಿಂದ ಚೆಂಡು ಚಿಮ್ಮಿಹೋಗುವುದೂ ಸಡಿಲ ಕೈಯಲ್ಲಿ ನಿಲ್ಲುವುದೂ ಇದರಿಂದಲೇ.

ಇಂಥ ಶ್ರಮ ಅಂಕಪಟ್ಟಿಯಲ್ಲಿ ಎಷ್ಟು ಕಾಣಿಸುತ್ತದೆ? 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಕುಂಬ್ಳೆಯವರು ಪಾಕಿಸ್ತಾನದ ಹತ್ತು ವಿಕೆಟ್ಟುಗಳನ್ನೂ ಒಂದೇ ಇನ್ನಿಂಗ್ಸಿನಲ್ಲಿ 74 ಓಟಗಳಿಗೆ ಕಿತ್ತರು. ಒಬ್ಬನೇ ಹತ್ತು ಮಂದಿಯನ್ನು ಉರುಳಿಸಿದನೆಂದು ಲೋಕ ಕೊಂಡಾಡಿತು, ಕೊಂಡಾಡತಕ್ಕದ್ದೇ. ಆದರೆ ಆ ಹತ್ತರಲ್ಲಿ ಇಬ್ಬರು ಬೌಲ್ಡ್, ಮೂವರು ಎಲ್‌ಬಿಡಬ್ಲ್ಯು. ಉಳಿದ ಐವರು ಕ್ಯಾಚಿಗೆ ಬಲಿಯಾದವರು. ಲಕ್ಷ್ಮಣ್ ಎರಡು, ಮೊಂಗಿಯಾ, ಗಂಗೂಲಿ ಮತ್ತು ದ್ರಾವಿಡ್ ಒಂದೊಂದು. ಇವರಲ್ಲಿ ಒಬ್ಬನು ಒಂದು ಗಜ ತಪ್ಪಿ ನಿಂತಿದ್ದರೆ ಚರಿತ್ರೆಯಲ್ಲಿ ಹತ್ತು ಎಂಬ ಅಂಕೆ ಇರುತ್ತಿರಲಿಲ್ಲ.

ಸ್ಲಿಪ್ಪಿಗಿಂತಲೂ ಕಠಿನವಾದ ಜಾಗ ಸ್ಪಿನ್ನಿಗೆ ಗೂಟದ ಬೆನ್ನಿಗೇ ನಿಲ್ಲುವ ವಿಕೆಟ್ ಕೀಪರನದು. ನಮ್ಮ ಸೈಯದ್ ಕಿರ್ಮಾನಿಯವರು 88 ಟೆಸ್ಟುಗಳಲ್ಲಿ 160 ಕ್ಯಾಚುಗಳನ್ನೂ 38 ಸ್ಟಂಪಿಂಗುಗಳನ್ನೂ ಮಾಡಿದರು. ಅವರು ನಿಂತದ್ದು ಪ್ರಸನ್ನ, ಚಂದ್ರಶೇಖರ್ ಮೊದಲಾದವರ ಬೌಲಿಂಗಿಗೆ. ಚಂದ್ರಶೇಖರರ ಚೆಂಡಾದರೋ ಸ್ಪಿನ್ನಿನ ತಿರುವನ್ನೂ ಮಧ್ಯಮ ವೇಗವನ್ನೂ ಕೂಡಿಸಿಕೊಂಡು ಬರುತ್ತಿತ್ತು. ಬ್ಯಾಟಿನಿಂದ ಒಂದೂವರೆ ಮೀಟರಿನಲ್ಲಿ ಕುಳಿತವನಿಗೆ ಅಂಚು ಸವರಿದ ಬಳಿಕ ಉಳಿಯುವುದು ಒಂದು ಸೆಕೆಂಡಿನ ಹದಿಮೂರು ಹದಿನಾಲ್ಕರಲ್ಲಿ ಒಂದು ಪಾಲು. ಆದುದರಿಂದ ಕೀಪರನು ದಾಂಡಿಗನಂತೆಯೇ ಬೌಲರನ ಬೆರಳನ್ನು ಓದಬೇಕು. ಓದಿದರೂ ದಾಂಡಿಗನ ಮೈ ಅಡ್ಡ ಇರುತ್ತದೆ.

ಚಂದ್ರಶೇಖರರನ್ನೇ ಕ್ಷೇತ್ರರಕ್ಷಕರಾಗಿಯೂ ನೋಡಬಹುದು. ಬಾಲ್ಯದಲ್ಲಿ ಪೋಲಿಯೊ ತಗುಲಿ ಅವರ ಬಲಗೈ ಸೊರಗಿತ್ತು. ಆ ಕೈಯಿಂದಲೇ ಬೌಲಿಂಗ್ ಮಾಡಿ, ತಾವು ತಡೆದ ಚೆಂಡನ್ನು ಮಾತ್ರ ಎಡಗೈಯಿಂದ ಹಿಂದಿರುಗಿಸುತ್ತಿದ್ದರು. 1971ರ ಆಗಸ್ಟ್ 23ರಂದು ಓವಲ್ ಮೈದಾನದಲ್ಲಿ ಅವರು 38 ಓಟಗಳಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಕೆಡವಿದ ಕಥೆ ಎಲ್ಲರಿಗೂ ಗೊತ್ತು. ಆ ಕುಸಿತ ಆರಂಭವಾದದ್ದು ಮಾತ್ರ ಬೌಲಿಂಗಿನಿಂದಲ್ಲ. ನೇರವಾಗಿ ಹೊಡೆದ ಚೆಂಡು ಚಂದ್ರಶೇಖರರ ಕೈಗೆ ಸೋಕಿ ತಮ್ಮ ಕಡೆಯ ಗೂಟಕ್ಕೆ ಬಡಿಯಿತು. ಗೆರೆಯಿಂದ ಹೊರಗಿದ್ದ ಜೇಮಿಸನ್ ಔಟಾದರು. ಬೌಲರನೂ ಚೆಂಡು ಕೈಬಿಟ್ಟ ಮರುಕ್ಷಣ ಒಬ್ಬ ರಕ್ಷಕನೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಯಾವ ಕೈಯಿಂದ ಎಸೆಯುತ್ತಾನೆಂಬುದು ಕ್ರಿಕೆಟ್ಟಿನಲ್ಲಿ ಒಂದು ಕುತೂಹಲದ ಸಂಗತಿ, ಅಷ್ಟೆ. ಬೇಸ್‌ಬಾಲಿನಲ್ಲಾದರೆ ಒಬ್ಬನ ಸ್ಥಾನವನ್ನೇ ಅದು ನಿರ್ಧರಿಸುತ್ತದೆ. ಏಕೆಂದು ತಿಳಿಯಲು ಒಂದು ಚಿತ್ರ ಬರೆದುಕೊಳ್ಳಬೇಕು. ಕಾಗದದ ಮೇಲೆ ಒಂದು ಚೌಕವನ್ನು ಅದರ ಮೂಲೆ ನಿಮ್ಮ ಕಡೆಗಿರುವಂತೆ ಬರೆಯಿರಿ. ಪ್ರತಿ ಬದಿಯೂ 90 ಅಡಿ. ನಿಮಗೆ ಹತ್ತಿರದ ಮೂಲೆ ‘ಹೋಮ್’. ದಾಂಡಿಗನು ಇಲ್ಲಿ ನಿಲ್ಲುತ್ತಾನೆ. ಅವನ ಬಲಕ್ಕಿರುವ ಮೂಲೆ ಮೊದಲ ಬೇಸ್, ಎದುರಿಗಿರುವುದು ಎರಡನೆಯದು, ಎಡಕ್ಕಿರುವುದು ಮೂರನೆಯದು. ನಡುವೆ, ಹೋಮಿನಿಂದ 60 ಅಡಿ 6 ಅಂಗುಲ ದೂರದಲ್ಲಿ, ಚೆಂಡೆಸೆಯುವ ಪಿಚರ್. ಹೊಡೆದವನು ಮೊದಲ ಬೇಸಿಗೆ ಓಡಲೇಬೇಕು. ಅಲ್ಲಿಂದ ಎರಡು, ಮೂರು ಎಂದು ಸುತ್ತಿ ಹೋಮಿಗೆ ಮರಳಿದರೆ ಒಂದು ಓಟ. ಅವನು ಮೊದಲ ಬೇಸನ್ನು ಮುಟ್ಟುವ ಮೊದಲೇ ಚೆಂಡನ್ನು ಹಿಡಿದ ರಕ್ಷಕನು ಆ ಬೇಸನ್ನು ತುಳಿದರೆ ದಾಂಡಿಗ ಔಟು. ಹೋಮಿನಿಂದ ಎರಡು ಬದಿಗಳನ್ನು ಮುಂದಕ್ಕೆ ಎಳೆದರೆ ಆಗುವ ಲಂಬಕೋನದ ಒಳಗೆ ಬಿದ್ದ ಹೊಡೆತ ಮಾತ್ರ ಸಿಂಧು.

ಇಲ್ಲಿಯೇ ಎರಡು ಆಟಗಳೂ ಬೇರೆಯಾಗುವುದು. ಕ್ರಿಕೆಟ್ಟಿನಲ್ಲಿ ಬೌಲರ್ ಕೀಪರುಗಳನ್ನು ಬಿಟ್ಟರೆ ಒಂಬತ್ತು ಮಂದಿ 360 ಡಿಗ್ರಿಯನ್ನು ಕಾಯಬೇಕು. ತಲೆಗೆ 40 ಡಿಗ್ರಿ. ಎಲ್ಲೋ ಒಂದು ಕಡೆ ಬಯಲು ಬಿಡಲೇಬೇಕು. ಆದುದರಿಂದ ಅಲ್ಲಿ ಸ್ಥಾನಗಳಿಗೆ ಹತ್ತಾರು ಹೆಸರುಗಳು, ಎಸೆತಕ್ಕೊಂದು ವ್ಯೂಹ. ಬೇಸ್‌ಬಾಲಿನಲ್ಲಿ ಪಿಚರ್ ಮತ್ತು ಹಿಂದಿನ ಕ್ಯಾಚರನ್ನು ಬಿಟ್ಟು ಏಳು ಮಂದಿಗೆ 90 ಡಿಗ್ರಿ. ತಲೆಗೆ ಹದಿಮೂರರಷ್ಟು ಕೂಡ ಆಗದು. ಇಷ್ಟು ಒತ್ತಾಗಿ ನಿಂತಿರುವುದರಿಂದ ಅಲ್ಲಿ ಸ್ಥಾನಗಳು ಹೆಚ್ಚುಕಡಮೆ ಸ್ಥಿರ, ಅವಕ್ಕೆ ಅಂಕೆಗಳೂ ಉಂಟು: ಪಿಚರ್ 1, ಕ್ಯಾಚರ್ 2, ಮೊದಲ ಬೇಸಿನವನು 3, ಎರಡನೆಯದರವನು 4, ಮೂರನೆಯದರವನು 5, ಶಾರ್ಟ್‌ಸ್ಟಾಪ್ 6, ಹೊರಮೈದಾನದ ಎಡ, ನಡು, ಬಲಗಳವರು 7, 8, 9.

ಈ ಆರನೆಯವನಿಗೆ ತನ್ನದೆಂಬ ಬೇಸ್ ಇಲ್ಲ. ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ, ತುಸು ಹಿಂದೆ, ಹೋಮಿನಿಂದ ಸುಮಾರು 45 ಮೀಟರ್ ದೂರದಲ್ಲಿ ನಿಲ್ಲುತ್ತಾನೆ. 1850ರ ಸುಮಾರಿಗೆ ನ್ಯೂಯಾರ್ಕಿನ ನಿಕ್ಕರ್‌ಬಾಕರ್ ಕ್ಲಬ್ಬಿನಲ್ಲಿ ಡೇನಿಯಲ್ ಆಡಮ್ಸ್ ಎಂಬ ವೈದ್ಯರು ಈ ಜಾಗದಲ್ಲಿ ಮೊದಲು ನಿಂತರೆಂದು ಆ ಆಟದ ಚರಿತ್ರಕಾರರು ಹೇಳುತ್ತಾರೆ. ಆಗಿನ ಚೆಂಡು ಹಗುರ. ಹೊರಮೈದಾನದಿಂದ ಎಸೆದರೆ ಬೇಸಿನವರೆಗೆ ಬರುತ್ತಿರಲಿಲ್ಲ. ನಡುವೆ ನಿಂತು ಅದನ್ನು ಸಾಗಹಾಕಲು ಒಬ್ಬನು ಬೇಕಾದನು. ಮುಂದೆ ಚೆಂಡು ಗಟ್ಟಿಯಾಯಿತು, ಆ ಕೆಲಸ ಕಡಮೆಯಾಯಿತು, ಅವನು ಒಳಕ್ಕೆ ಸರಿದು ಈಗಿನ ಜಾಗಕ್ಕೆ ಬಂದನು. ಬಲಗೈ ದಾಂಡಿಗರೇ ಹೆಚ್ಚು, ಅವರು ಬೀಸಿ ಹೊಡೆದ ಚೆಂಡು ಸಹಜವಾಗಿ ಎಡಕ್ಕೆ ಹೋಗುತ್ತದೆ, ಅಲ್ಲಿರುವವನು ಇವನೇ.

ಅವನ ಲೆಕ್ಕ ಹೀಗೆ. ಒಳ್ಳೆಯ ಓಟಗಾರನು ಬ್ಯಾಟನ್ನು ಬಿಟ್ಟು ಮೊದಲ ಬೇಸನ್ನು ಮುಟ್ಟಲು ನಾಲ್ಕು ಸೆಕೆಂಡಿನ ಮೇಲೆ ಒಂದಿಷ್ಟು, ಸುಮಾರು 4.3 ಸೆಕೆಂಡು ಹಿಡಿಯುತ್ತದೆ. ನೆಲದ ಮೇಲೆ ಪುಟಿಯುತ್ತ ಬರುವ ಚೆಂಡು ಶಾರ್ಟ್‌ಸ್ಟಾಪನ್ನು ಮುಟ್ಟಲು ಎರಡು ಸೆಕೆಂಡು. ಅದನ್ನು ಬಾಚಿ, ಗ್ಲೋವಿನಿಂದ ಬರಿಗೈಗೆ ತಂದು, ಗುರಿನೋಡಿ ಎಸೆಯಲು ಸುಮಾರು ಒಂದು. ಎಸೆದುದು ಚೌಕದ ಅಡ್ಡಕ್ಕೆ ಹಾರಿ ಮೊದಲ ಬೇಸನ್ನು ಸೇರಲು ಮತ್ತೊಂದು. ಮೊತ್ತ ನಾಲ್ಕು ಸೆಕೆಂಡು. ಉಳಿಯುವುದು ಕಾಲು ಸೆಕೆಂಡು ಮಾತ್ರ; ಒಂದು ಸಲ ಚೆಂಡು ಬೆರಳಿನಲ್ಲಿ ಜಾರಿದರೆ ಅದೂ ಇಲ್ಲ. ಎಡಗೈಯಿಂದ ಎಸೆಯುವವನು ಈ ಜಾಗದಲ್ಲಿ ನಿಂತರೆ ಮೊದಲ ಬೇಸಿನತ್ತ ಎಸೆಯಲು ಮೈಯನ್ನು ಅರ್ಧ ಸುತ್ತು ತಿರುಗಿಸಬೇಕು. ಆ ಕಾಲು ಸೆಕೆಂಡು ತಿರುಗುವುದಕ್ಕೇ ಹೋಗುತ್ತದೆ. ಹಾಗಾಗಿ ದೊಡ್ಡ ತಂಡಗಳಲ್ಲಿ 4, 5, 6ರಲ್ಲಿ ಎಡಗೈಯವರು ಕಾಣಸಿಗುವುದೇ ಇಲ್ಲವೆನ್ನಬಹುದು. ಮೊದಲ ಬೇಸಿನಲ್ಲಿ ಮಾತ್ರ ಎಡಗೈಯವನಿಗೆ ಅನುಕೂಲ: ಅವನ ಗ್ಲೋವು ಬಲಗೈಯಲ್ಲಿದ್ದು ಮೈದಾನದ ಕಡೆಗೇ ಚಾಚಿರುತ್ತದೆ.

ಶಾರ್ಟ್‌ಸ್ಟಾಪಿನ ಕೀರ್ತಿಯೆಲ್ಲ ಇರುವುದು ಜೋಡಿ ಔಟಿನಲ್ಲಿ. ಮೊದಲ ಬೇಸಿನಲ್ಲಿ ಈಗಾಗಲೇ ಒಬ್ಬ ಓಟಗಾರನಿದ್ದಾನೆ, ದಾಂಡಿಗನು ಚೆಂಡನ್ನು ನೆಲದ ಮೇಲೆ ಹೊಡೆದನು, ಇಬ್ಬರೂ ಓಡಲೇಬೇಕು. ಆರನೆಯವನು ಬಾಚಿ ಎರಡನೆಯ ಬೇಸಿಗೆ ಓಡಿಬಂದ ನಾಲ್ಕನೆಯವನಿಗೆ ಎಸೆಯುತ್ತಾನೆ. ಅವನು ಬೇಸನ್ನು ತುಳಿದು, ಕಾಲಿಗೆ ಬೀಳುವಂತೆ ಜಾರಿಬರುವ ಓಟಗಾರನ ಮೇಲೆ ಹಾರಿ, ಗಾಳಿಯಲ್ಲೇ ತಿರುಗಿ ಮೂರನೆಯವನಿಗೆ ಎಸೆಯುತ್ತಾನೆ. ಇಬ್ಬರು ಔಟು. ಅಂಕಪಟ್ಟಿಯಲ್ಲಿ ಇದನ್ನು 6-4-3 ಎಂದು ಬರೆಯುತ್ತಾರೆ. ಚೆಂಡನ್ನು ಮುಟ್ಟಿದ ಪ್ರತಿಯೊಬ್ಬನ ಅಂಕೆಯೂ ಅಲ್ಲಿ ದಾಖಲಾಗುತ್ತದೆ. ನಮ್ಮ ಅಂಕಪಟ್ಟಿಗಿಂತ ಇದು ಹೆಚ್ಚು ನ್ಯಾಯವಾದುದೆಂದು ನನಗೆ ತೋರುತ್ತದೆ.

ಉಳಿದವರನ್ನು ಬೇಗ ನೋಡಿಬಿಡೋಣ. ಮೂರನೆಯ ಬೇಸಿನವನಿಗೆ ಹೊಡೆತ ಅತಿ ಬಿರುಸಾಗಿ ಬರುತ್ತದೆ. ಗಂಟೆಗೆ 160 ಕಿಲೋಮೀಟರಿನ ಚೆಂಡು ಮುಕ್ಕಾಲು ಸೆಕೆಂಡಿಗೂ ಮೊದಲೇ ಅವನ ಮೇಲಿರುತ್ತದೆ. ಅವನದು ನಮ್ಮ ಸ್ಲಿಪ್ಪಿನವನ ಬದುಕು. ಕ್ಯಾಚರನು ಮುಖಕ್ಕೆ ಕಾವಲು ತೊಟ್ಟು ದಾಂಡಿಗನ ಹಿಂದೆ ಕೂರುತ್ತಾನೆ. ಮೈದಾನವನ್ನೆಲ್ಲ ಎದುರಿಗೆ ಕಾಣುವವನು ಅವನೊಬ್ಬನೇ. ಆದುದರಿಂದ ಯಾವ ಬಗೆಯ ಎಸೆತವೆಂದು ಪಿಚರನಿಗೆ ಸನ್ನೆಮಾಡುವುದೂ ರೂಢಿಯಾಗಿ ಅವನ ಕೆಲಸವೇ. ಹೊರಮೈದಾನದ ಮೂವರಲ್ಲಿ ನಡುವಿನವನು ಅತಿ ವೇಗದ ಓಟಗಾರ; ಇಬ್ಬರ ನಡುವೆ ಚೆಂಡು ಇಳಿಯುತ್ತಿದ್ದರೆ ಅವನು ಕೂಗಿದರೆ ಇತರರು ಬಿಟ್ಟುಕೊಡಬೇಕು. ಬಲಗಡೆಯವನು ಮೂರನೆಯ ಬೇಸಿನವರೆಗೂ ಎಸೆಯಬೇಕಾದುದರಿಂದ ತೋಳುಬಲ ಉಳ್ಳವನಾಗಿರಬೇಕು. ಆದರೆ ಬಾಲಕರ ತಂಡಗಳಲ್ಲಿ ಚೆಂಡು ಅತ್ತ ಹೋಗುವುದೇ ಅಪರೂಪವಾದುದರಿಂದ, ಆಡಲು ಬಾರದವನನ್ನು ಅಲ್ಲಿಗೆ ಕಳುಹಿಸುತ್ತಾರೆ. ನಮ್ಮ ಹುಡುಗನಿಗೆ ಹೊಂಗೆಮರದ ಅರ್ಥ ಅಷ್ಟು ಬೇಗ ಆದದ್ದು ಇದರಿಂದ.

ಎತ್ತರಕ್ಕೆ ಹೋದ ಚೆಂಡು ಎಲ್ಲಿ ಬೀಳುವುದೆಂದು ದೂರದಲ್ಲಿರುವವನಿಗೆ ಹೇಗೆ ತಿಳಿಯುತ್ತದೆ? 1968ರಲ್ಲಿ ಸೆವಿಲ್ ಚಾಪ್‌ಮನ್ ಎಂಬ ಭೌತವಿಜ್ಞಾನಿ ಇದಕ್ಕೆ ಒಂದು ಸೊಗಸಾದ ಉತ್ತರ ಕೊಟ್ಟರು. ಗಾಳಿಯ ತಡೆಯನ್ನು ಬಿಟ್ಟರೆ ಚೆಂಡಿನ ಹಾದಿ ಪರವಲಯ. ಯಾವುದೇ ಕ್ಷಣದಲ್ಲಿ ಅದರ ಎತ್ತರ, ಕಳೆದ ಕಾಲ ಮತ್ತು ಉಳಿದ ಕಾಲಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಬೀಳುವ ಜಾಗದಲ್ಲೇ ನಿಂತವನಿಗೂ ಚೆಂಡಿಗೂ ನಡುವಣ ಅಡ್ಡದೂರ ಉಳಿದ ಕಾಲಕ್ಕೆ ಅನುಪಾತದಲ್ಲಿರುತ್ತದೆ. ಎತ್ತರವನ್ನು ಅಡ್ಡದೂರದಿಂದ ಭಾಗಿಸಿದರೆ ದೊರೆಯುವುದು ನೋಟದ ಕೋನದ ಟ್ಯಾಂಜೆಂಟ್. ಭಾಗಿಸಿ ನೋಡಿ: ಉಳಿದ ಕಾಲ ಮೇಲೂ ಕೆಳಗೂ ಹೊಡೆದುಹೋಗಿ ಕಳೆದ ಕಾಲವೊಂದೇ ನಿಲ್ಲುತ್ತದೆ. ಅಂದರೆ ಸರಿಯಾದ ಜಾಗದಲ್ಲಿರುವವನಿಗೆ ಆ ಟ್ಯಾಂಜೆಂಟ್ ಗಡಿಯಾರದ ಮುಳ್ಳಿನಂತೆ ಸಮವಾಗಿ ಏರುತ್ತದೆ. ಏರಿಕೆ ಬರಬರುತ್ತ ಬಿರುಸಾದರೆ ಚೆಂಡು ತಲೆಯ ಮೇಲೆ ಹಾದುಹೋಗುತ್ತದೆ, ಹಿಂದಕ್ಕೆ ಓಡಬೇಕು. ಮಂದವಾದರೆ ಮುಂದಕ್ಕೆ. ಆಟಗಾರನು ತ್ರಿಕೋಣಮಿತಿ ಕಲಿತಿರಬೇಕಾದುದಿಲ್ಲ. ಏರಿಕೆಯನ್ನು ಸಮವಾಗಿಡುವಂತೆ ಓಡುತ್ತಿದ್ದರೆ ಕಾಲುಗಳೇ ಅವನನ್ನು ಚೆಂಡಿನ ಬಳಿಗೆ ಒಯ್ಯುತ್ತವೆ. 1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಮದನ್‌ಲಾಲರ ಎಸೆತದಲ್ಲಿ ರಿಚರ್ಡ್ಸ್ ಎತ್ತಿ ಹೊಡೆದ ಚೆಂಡನ್ನು ಕಪಿಲ್ ದೇವ್ ಹಿಂದಕ್ಕೆ ಓಡಿ ಹಿಡಿದುದು ನಿಮಗೆ ಚಿತ್ರಗಳಿಂದ ಪರಿಚಿತ. ಅವರ ಕಣ್ಣು ಚೆಂಡನ್ನು ಒಂದು ಗಳಿಗೆಯೂ ಬಿಡುವುದಿಲ್ಲ.

ಬೆಂಗಳೂರಿನ ರಕ್ಷಕರಿಗೆ ಒಂದು ಹೆಚ್ಚಿನ ತೊಡಕುಂಟು. ಈ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಗಾಳಿಯ ಸಾಂದ್ರತೆ ಮದರಾಸಿನದಕ್ಕಿಂತ ನೂರಕ್ಕೆ ಎಂಟೊಂಬತ್ತು ಪಾಲು ಕಡಮೆ. ತಡೆ ಕಡಮೆಯಾದುದರಿಂದ ಅದೇ ಹೊಡೆತ ಇಲ್ಲಿ ಕೆಲವು ಅಡಿ ಮುಂದೆ ಬೀಳುತ್ತದೆ. ನಮ್ಮದಕ್ಕಿಂತಲೂ ಎತ್ತರದಲ್ಲಿರುವ ಅಮೆರಿಕದ ಡೆನ್ವರ್ ನಗರದ ಬೇಸ್‌ಬಾಲ್ ಮೈದಾನವನ್ನು ಈ ಕಾರಣಕ್ಕಾಗಿಯೇ ಇತರ ಮೈದಾನಗಳಿಗಿಂತ ವಿಶಾಲವಾಗಿ ಕಟ್ಟಿದ್ದಾರೆ.

ಸ್ಥಾನಗಳ ಈ ಲೆಕ್ಕ ಎಷ್ಟು ಬಲವಾದುದೆಂದರೆ ಎರಡು ಆಟಗಳಲ್ಲೂ ಕಾನೂನು ಅದಕ್ಕೆ ಕಡಿವಾಣ ಹಾಕಬೇಕಾಯಿತು. 1946ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಲೂ ಬೂಡ್ರೋ, ಟೆಡ್ ವಿಲಿಯಮ್ಸ್ ಯಾವಾಗಲೂ ಬಲಕ್ಕೇ ಹೊಡೆಯುವುದನ್ನು ಗಮನಿಸಿ, ರಕ್ಷಕರನ್ನೆಲ್ಲ ಬಲಗಡೆಗೆ ಗುಡ್ಡೆಹಾಕಿದರು. ಗಣಕಯಂತ್ರಗಳು ಬಂದ ಮೇಲೆ ಪ್ರತಿಯೊಬ್ಬ ದಾಂಡಿಗನಿಗೂ ಇಂಥ ವ್ಯೂಹ ಸಿದ್ಧವಾಗತೊಡಗಿ, ಕೊನೆಗೆ 2023ರಲ್ಲಿ, ಎರಡನೆಯ ಬೇಸಿನ ಎರಡು ಪಕ್ಕಗಳಲ್ಲೂ ಒಳಮೈದಾನದವರು ಇಬ್ಬಿಬ್ಬರಿರಲೇಬೇಕೆಂದು ಅಮೆರಿಕದ ಪ್ರಧಾನ ಲೀಗು ನಿಯಮ ಮಾಡಿತು. ಕ್ರಿಕೆಟ್ಟಿನಲ್ಲಿ 1932–33ರ ‘ಬಾಡಿಲೈನ್’ ಸರಣಿಯಲ್ಲಿ ಲೆಗ್ ಬದಿಯಲ್ಲಿ ರಕ್ಷಕರನ್ನು ಒತ್ತೊತ್ತಾಗಿ ನಿಲ್ಲಿಸಿ ಮೈಮೇಲೆ ಚೆಂಡೆಸೆದುದು ಎರಡು ದೇಶಗಳ ಜಗಳವಾಯಿತು. ಈಗಿನ ಕಾನೂನಿನಲ್ಲಿ ಲೆಗ್ ಬದಿಯಲ್ಲಿ ದಾಂಡಿಗನ ಗೆರೆಯ ಹಿಂದೆ ಕೀಪರನಲ್ಲದೆ ಇಬ್ಬರಿಗಿಂತ ಹೆಚ್ಚು ಮಂದಿ ನಿಲ್ಲುವಂತಿಲ್ಲ.

ಚೆಂಡು ತನ್ನ ಕಡೆಗೆ ಬಾರದಾಗ ರಕ್ಷಕನು ಏನು ಮಾಡಬೇಕೆಂಬ ಮಾತು ಉಳಿಯಿತು. ನನ್ನ ಮಟ್ಟಿಗೆ ಬೇಸ್‌ಬಾಲಿನಿಂದ ನಾವು ಕಲಿಯಬೇಕಾದ ಮುಖ್ಯ ಸಂಗತಿ ಅದೇ. ಅಲ್ಲಿ ಚೆಂಡು ಶಾರ್ಟ್‌ಸ್ಟಾಪಿಗೆ ಹೋದೊಡನೆ ಬಲ ಹೊರಮೈದಾನದವನು ಮೊದಲ ಬೇಸಿನ ಹಿಂದಕ್ಕೆ ಓಡಲಾರಂಭಿಸುತ್ತಾನೆ. ಎಸೆತ ಗುರಿತಪ್ಪಿದರೆ ತಡೆಯುವುದಕ್ಕಾಗಿ ಈ ಓಟ. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಸಲ ಎಸೆತ ತಪ್ಪುವುದಿಲ್ಲ. ಅವನು ಸುಮ್ಮನೆ ಓಡಿ ಸುಮ್ಮನೆ ಹಿಂದಿರುಗುತ್ತಾನೆ.

ಹುಡುಗನಿಗಾಗಿ ಒಂದು ಹಾಳೆಯಲ್ಲಿ ಎರಡು ಆಟಗಳ ನಕ್ಷೆಯನ್ನೂ ಒಂದರ ಮೇಲೊಂದು ಬರೆದುಕೊಟ್ಟೆನು. ದಾಂಡಿಗನನ್ನು ಒಂದೇ ಬಿಂದುವಿನಲ್ಲಿಟ್ಟರೆ ಶಾರ್ಟ್‌ಸ್ಟಾಪು ಹೆಚ್ಚುಕಡಮೆ ನಮ್ಮ ಮಿಡ್‌ವಿಕೆಟ್ಟಿನ ದಿಕ್ಕಿನಲ್ಲಿ ಬರುತ್ತದೆ. ಮಾರನೆಯ ಸಂಜೆ ಅವನು ಆ ಹಾಳೆಯನ್ನು ಹಿಡಿದುಕೊಂಡೇ ಹೋದನು. ಹುಡುಗರು ಸ್ವಲ್ಪ ಚರ್ಚಿಸಿ ಅವನನ್ನು ವಿದ್ಯುತ್ ಕಂಬದ ಪಕ್ಕಕ್ಕೆ, ಮಿಡ್‌ವಿಕೆಟ್ಟಿಗೆ ಹಾಕಿದರು. ಎರಡನೆಯ ಓವರಿನಲ್ಲೇ ಚೆಂಡು ಅವನ ಎಡಕ್ಕೆ ಬಂದಿತು. ಓಡುತ್ತಲೇ ಬಗ್ಗಿ ಬಾಚಿ, ನಿಲ್ಲದೆ, ಬೌಲರನ ಕಡೆಯ ಕಲ್ಲಿಗೆ ಎಸೆದನು. ಎಸೆತ ಗುಂಡಿನಂತೆ ಹೋಯಿತು. ಬೌಲರು ಬಾಯಿಬಿಟ್ಟು ನೋಡುತ್ತಿದ್ದನು. ಚೆಂಡು ಕಲ್ಲನ್ನು ಒಂದು ಗೇಣು ತಪ್ಪಿ, ಆಚೆ ಬದಿಯ ಕಾಂಪೌಂಡಿನ ಉದ್ದಕ್ಕೂ ಉರುಳಿ ಚರಂಡಿಗೆ ಬಿದ್ದಿತು. ಎದುರಾಳಿಗಳು ಮೂರು ಓಟ ಓಡಿದರು. ಎಲ್ಲರೂ ಒಟ್ಟಿಗೆ ಅವನ ಮೇಲೆ ಕೂಗಾಡತೊಡಗಿದರು. ಅವನೂ ಬಿಡಲಿಲ್ಲ. ‘ಹಿಂದೆ ಯಾರಿದ್ದಾರೆ? ಹಿಂದೆ ಯಾಕೆ ಯಾರೂ ಇಲ್ಲ?’ ಎಂದು ಬೌಲರನ ಬೆನ್ನಿನ ಕಡೆಗೆ ಕೈತೋರಿಸಿ ತಿರುಗಿ ಕೂಗಿದನು. ಚರಂಡಿಯಿಂದ ಚೆಂಡನ್ನು ಯಾರು ತೆಗೆಯಬೇಕೆಂಬ ವಾದ ಬೀದಿದೀಪ ಹತ್ತಿಕೊಂಡರೂ ಮುಗಿಯಲಿಲ್ಲ. ಮರುದಿನ ನಾನು ತರಕಾರಿ ತರಲು ಆ ದಾರಿಯಲ್ಲಿ ಹೋದಾಗ ಹೊಂಗೆಮರದ ಬುಡದಲ್ಲಿ ಯಾರೂ ಇರಲಿಲ್ಲ. ದಿನವೂ ಅಲ್ಲಿ ನಿಲ್ಲುತ್ತಿದ್ದ ಏಳೆಂಟು ವರ್ಷದ ಪುಟ್ಟ ಹುಡುಗನನ್ನು ಬೌಲರನ ಹಿಂದೆ, ಕಲ್ಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ತಂದು ನಿಲ್ಲಿಸಿದ್ದರು.